ದನಿ ಕಡಿಯಬಾರದು

ಮಾರ್ಚ್ ೧೪, ಶನಿವಾರ

ಪ್ರೀತಿಯ ಅಕ್ಕಾ,

ನೀನು, ಭಾವ, ಪುಟ್ಟಿ ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಎರಡು ಪತ್ರ ಬಂದರೂ ಉತ್ತರ ಬರೆಯಲಿಲ್ಲ. ಬೈಯುವುದಿದ್ದರೆ ಇದನ್ನು ಪೂರ್ತಿ ಓದಿದ ಮೇಲೆ ಬೈ. ಆಗ ಬೈಯಲು ಇನ್ನೂ ನಾಲ್ಕು ಕಾರಣ ಸಿಗುತ್ತವೆ.

ಗಿರಣಿಯ ಗೇಟು ಮುಚ್ಚಿದ್ದು ನಿನಗೆ ಗೊತ್ತು. ಒಬ್ಬೊಬ್ಬರೂ ಎರಡರ ಬದಲು ನಾಲ್ಕು ಯಂತ್ರ ನೋಡಿಕೊಳ್ಳಬೇಕು ಎಂದು ಗಿರಣಿಯವರು ಹುಕುಂ ಮಾಡಿದರು. ಹೆಂಗಸರೆಲ್ಲ ‘ಆಗುವುದಿಲ್ಲ’ ಎಂದರು. ಯಜಮಾನರು ಬೀಗ ಹಾಕಿಸಿದರು. ‘ಇನ್ನು ಎದುರು ಮಾತಾಡುವುದಿಲ್ಲ’ ಎಂದು ಮುಚ್ಚಳಿಕೆ ಬರೆದುಕೊಟ್ಟವರಿಗೆ ಮಾತ್ರ ಕೆಲಸವಂತೆ. ಅಮ್ಮ ಮೊದಲ ದಿನದಿಂದಲೂ ಗೇಟಿನ ಮುಂದೆ ಕೂತವಳು. ಬೇಳೆ ಡಬ್ಬಿಯ ತಳ ಕಾಣಿಸಿದರೂ ಏಳಲಿಲ್ಲ. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತಾ? ಕಾರ್ಮಿಕರ ಸಂಘದ ಕಚೇರಿ ಮೆಟ್ಟಿಲ ಕೆಳಗೆ ಕಟ್ಟು ಹಾಕಿಟ್ಟ ಕರಪತ್ರಗಳನ್ನೆಲ್ಲ ಓದಿ ಮುಗಿಸಿದ್ದೇನೆ. ಅವುಗಳಲ್ಲಿ ಬರೆದಂಥ, ಹಸಿದರೂ ಬಗ್ಗದ ಮನುಷ್ಯರು ನಿಜವಾಗಿ ಇದ್ದಾರೆಯೇ ಎಂದು ಅನುಮಾನವಿತ್ತು. ಇದ್ದಾರೆ, ನಮ್ಮ ಮನೆಯಲ್ಲೇ ಇದ್ದಾರೆ ಅನ್ನಿಸಿತು.

ನಾನು ಶಾಲೆಯ ಹಾಡಿನ ತಂಡ ಸೇರಿದ್ದಕ್ಕೆ ನೀನು ಬಿದ್ದು ಬಿದ್ದು ನಕ್ಕೆಯಂತೆ, ಭಾವ ಬರೆದಿದ್ದರು. ಹಾಡಬೇಕೆಂದು ಸೇರಿದ್ದಲ್ಲ, ಗಂಟಲು ಬೇಕಿತ್ತು. ಸಂಘದ ಸಭೆಯಲ್ಲಿ ಭಾಷಣಕ್ಕೆ ನಿಂತರೆ ಎರಡನೇ ವಾಕ್ಯಕ್ಕೇ ದನಿ ಒಡೆಯಿತು. ಗಿರಣಿಯಲ್ಲಿ ಬಾಬಿನ್‌ಗೆ ನೂಲು ಸುತ್ತುವ ನಮ್ಮ ಬಾಬಿನ್ ದೊಡ್ಡಮ್ಮ, “ಪಾಪ, ಮಗೂಗೆ ಯಾರಾದ್ರೂ ನೀರು ಕೊಡ್ರೇ” ಎಂದಳು. ಇಡೀ ಸಭೆ ನಕ್ಕಿತು. ಮರುದಿನವೇ ಹೋಗಿ ತಂಡಕ್ಕೆ ಹೆಸರು ಕೊಟ್ಟೆ.

ಮೊದಲ ವಾರ ಹಾಡಿನ ಟೀಚರ್ ನನ್ನನ್ನೇ ನೋಡಿ ಕೇಳಿದರು: “ಪಕ್ಕದವಳ ದನಿ ನಿಂಗೆ ಕೇಳಿಸ್ತಿದ್ಯಾ?”

“ಇಲ್ಲ ಮಿಸ್.”

“ಹಾಗಾದ್ರೆ ನೀನು ಹಾಡ್ತಿಲ್ಲ ಕಣಮ್ಮ, ಜಗಳ ಆಡ್ತಿದ್ದೀಯ.”

ಸಿಟ್ಟು ನೆತ್ತಿಗೇರಿತು. ಆದರೂ ಬಿಡಲಿಲ್ಲ. ಅಲ್ಲಿ ಕಲಿತದ್ದರಲ್ಲಿ ಒಂದನ್ನು ನಿನಗೆ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹಾಡಿನ ಕೊನೆಯಲ್ಲಿ ಒಂದೇ ಸ್ವರವನ್ನು ಬಹಳ ಹೊತ್ತು ಹಿಡಿಯಬೇಕು. ಯಾರ ಎದೆಯಲ್ಲೂ ಅಷ್ಟು ಉಸಿರಿರುವುದಿಲ್ಲ. ಅದಕ್ಕೆ ಟೀಚರ್ ನಮ್ಮನ್ನು ಜೋಡಿ ಮಾಡಿದ್ದಾರೆ. ಒಬ್ಬಳು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬಳು ಸ್ವರ ಬಿಡಬಾರದು. ಪಕ್ಕದಲ್ಲಿ ದನಿ ನಿಂತಿತೋ, ನೀನು ಇನ್ನಷ್ಟು ಗಟ್ಟಿಯಾಗಿ ಹಿಡಿ. ತಿಂಗಳುಗಟ್ಟಲೆ ಇದೇ ಅಭ್ಯಾಸ. ಕೇಳುವವರಿಗೆ ದನಿ ಕಡಿಯುವುದೇ ಇಲ್ಲ.

ನನ್ನ ಜೋಡಿ ಯಾರು ಗೊತ್ತಾ? ಇಸ್ತ್ರಿ! ಗಿರಣಿ ಮೇಲ್ವಿಚಾರಕನ ಮಗಳು. ಮಡಿಕೆ ಕೆಡದ ಲಂಗ ನೋಡಿ ನಾನೇ ಇಟ್ಟ ಹೆಸರು. ಅವಳ ಅಪ್ಪ ನಮ್ಮಮ್ಮನನ್ನು ಗೇಟಿನಿಂದ ಹೊರಗೆ ಹಾಕಿದವನು. ಆದರೆ ಅವಳು ಯಾವಾಗ ಉಸಿರೆಳೆಯುತ್ತಾಳೆ ಎಂಬುದು ನನಗೆ ನನ್ನ ಉಸಿರಿಗಿಂತ ಚೆನ್ನಾಗಿ ಗೊತ್ತು. ಹಗೆಯನ್ನು ಹೀಗೆ ಹತ್ತಿರದಿಂದ ಕೇಳಿಸಿಕೊಳ್ಳುವುದು ಕಷ್ಟ, ಅಕ್ಕಾ. ನಿದ್ದೆಯಲ್ಲೂ ಅವಳ ಉಸಿರು ಕೇಳಿಸುತ್ತದೆ.

ಶಾಲೆ ಗಿರಣಿಯದ್ದೇ ಅಲ್ಲವೇ, ವಾರ್ಷಿಕೋತ್ಸವಕ್ಕೆ ಯಜಮಾನರೇ ಮುಖ್ಯ ಅತಿಥಿ. ಹೊರಗೆ ನಮ್ಮಮ್ಮಂದಿರು ಮಣ್ಣಿನಲ್ಲಿ ಕೂತಿರಬೇಕು, ಒಳಗೆ ನಾವು ಅವರಿಗೆ ಹಾಡಬೇಕು! ಗಿರಣಿ ಮನೆಗಳ ಐದು ಹುಡುಗಿಯರನ್ನು ಕರೆದು ಹೇಳಿದೆ: “ಕೊನೇ ಸ್ವರದಲ್ಲಿ ನಾನು ಬಾಯಿ ಮುಚ್ತೀನಿ. ನನ್ನ ದನಿ ನಿಂತ ತಕ್ಷಣ ನೀವೂ ಮುಚ್ಚಿ. ಸಭಾಂಗಣ ಗಪ್ ಚಿಪ್ ಆಗಬೇಕು.” ಎಲ್ಲರೂ ಕೈ ಮೇಲೆ ಕೈಯಿಟ್ಟು ಒಪ್ಪಿದರು.

ಇಸ್ತ್ರಿಗೆ ಹೇಗೋ ವಾಸನೆ ಬಡಿದಿತ್ತು. ಪರದೆಯ ಹಿಂದೆ ನನ್ನ ತೋಳು ಹಿಡಿದಳು.

“ನೀನು ನಿಲ್ಲಿಸ್ತೀಯ ಅಲ್ವಾ?”

“ನಿಲ್ಲಿಸಿದ್ರೆ? ಹೋಗಿ ನಿಮ್ಮಪ್ಪಂಗೆ ಹೇಳ್ತೀಯಾ?”

“ಹೇಳೋಳಾಗಿದ್ರೆ ಈಗ ಇಲ್ಲಿ ನಿಂತಿರ್ತಿದ್ನಾ, ಪೆದ್ದಿ? ನೀನು ನಿಲ್ಲಿಸಿದ್ರೆ ನಾನು ಎಲ್ಲಿ ಉಸಿರಾಡ್ಲಿ, ಅದನ್ನ ಹೇಳು.”

ಉತ್ತರ ಹೇಳುವಷ್ಟರಲ್ಲಿ ಪರದೆ ಸರಿಯಿತು.

ಮೊದಲ ಸಾಲಿನಲ್ಲಿ ಯಜಮಾನರು, ಪಕ್ಕದಲ್ಲಿ ಮೇಲ್ವಿಚಾರಕ. ಕೊನೆಯ ಸ್ವರ ಬಂತು. ಬಾಯಿ ಮುಚ್ಚಿದೆ.

ಏನಾಯಿತು ಹೇಳು ನೋಡೋಣ? ಏನೂ ಆಗಲಿಲ್ಲ! ನನ್ನ ದನಿ ನಿಂತದ್ದೇ ತಡ, ಸುತ್ತಲಿನವರು ಇನ್ನಷ್ಟು ಗಟ್ಟಿಯಾಗಿ ಹಿಡಿದರು. ಆ ಐದು ಹುಡುಗಿಯರೂ! ಅಷ್ಟು ದಿನದ ಅಭ್ಯಾಸ, ಪಕ್ಕದಲ್ಲಿ ಖಾಲಿಯಾದರೆ ತುಂಬುವುದು ಬಿಟ್ಟು ಅವರ ಗಂಟಲಿಗೆ ಬೇರೇನೂ ಗೊತ್ತಿರಲಿಲ್ಲ. ಇಸ್ತ್ರಿ ಉಸಿರೆಳೆಯದೆ ಹಿಡಿದಳು. ಕುತ್ತಿಗೆಯ ನರ ಉಬ್ಬಿ, ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ನಾನು ಕಲ್ಲಿನ ಹಾಗೆ ನಿಂತಿದ್ದೆ. ಯಜಮಾನರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನನ್ನ ಬಾಯಿ ನಿನಗೆ ಗೊತ್ತಲ್ಲ. ಪರದೆಯ ಹಿಂದೆ ಹೋದವಳೇ, “ಹೇಡಿಗಳಾ! ಯಾಕೆ ನಿಲ್ಲಿಸ್ಲಿಲ್ಲ?” ಎಂದು ಕಿರುಚಿದೆ. “ನೀನು ಉಸಿರು ತಗೋತಿದ್ದೀಯ ಅಂದ್ಕೊಂಡ್ವಿ ಕಣೇ” ಎಂದು ಒಬ್ಬಳು ಅಳತೊಡಗಿದಳು. ಹೂಗುಚ್ಛದ ತಟ್ಟೆ ಹಿಡಿದು ಹೆಡ್‌ಮಿಸ್ ಹಿಂದೆಯೇ ನಿಂತಿದ್ದರು. “ನಾಳೆ ನಿಮ್ಮಮ್ಮನ್ನ ಕರ್ಕೊಂಡು ಬಾ” ಅಷ್ಟೇ ಅಂದರು.

ಅಮ್ಮ ಬಂದಳು. ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದರು. ಬಹಳ ಹೊತ್ತಿನ ಮೇಲೆ ಆಚೆ ಬಂದವಳು, “ನಡಿ, ಬಟ್ಟೆ ನೆನೆಸಿ ಬಂದಿದ್ದೀನಿ” ಎಂದಳು. ಮನೆಗೆ ಹೋದವಳೇ ಬಟ್ಟೆ ಒಗೆಯಲು ಕೂತಳು.

ನಾನು ನೇರವಾಗಿ ಗೇಟಿಗೆ ಹೋದೆ. ಅಲ್ಲಿ ಗಿರಣಿಯವರು ಒಂದು ಧ್ವನಿವರ್ಧಕ ಕಟ್ಟಿದ್ದಾರೆ. ಹೆಂಗಸರ ಘೋಷಣೆ ಮುಗಿದು ಎಲ್ಲರೂ ಒಟ್ಟಿಗೆ ಉಸಿರೆಳೆದ ಆ ಸಂದಿನಲ್ಲೇ, “ಮುಚ್ಚಳಿಕೆ ಕೊಟ್ಟವರು ಬರಬಹುದು” ಎಂದು ಅದು ಒದರುತ್ತದೆ. ಭಾಷಣ ಮಾಡಲಿಲ್ಲ ಅಕ್ಕಾ, ಆಣೆ. ಅವರನ್ನು ಜೋಡಿ ಜೋಡಿಯಾಗಿ ಕೂರಿಸಿದೆ. ಒಬ್ಬಳು ಬಿಟ್ಟಾಗ ಇನ್ನೊಬ್ಬಳು ಹಿಡಿಯಬೇಕು ಎಂದೆ.

“ಉಸಿರಾಡೋದನ್ನ ನೀನು ಹೇಳಿಕೊಡ್ತೀಯೇನೇ? ನಿಮ್ಮಮ್ಮ ಹುಟ್ಟೋಕೆ ಮುಂಚೆ ಕಲ್ತಿದ್ದೀನಿ” ಎಂದಳು ಬಾಬಿನ್ ದೊಡ್ಡಮ್ಮ. ಆದರೂ ಕಲಿತಳು, ಎಲ್ಲರಿಗಿಂತ ಬೇಗ. ಬುಧವಾರ ಬೆಳಗ್ಗೆ ಒಂದೇ ಸ್ವರ ಎತ್ತಿದರು. ಧ್ವನಿವರ್ಧಕ ಏನು ಹೇಳುತ್ತಿದೆ ಎಂದು ಒಂದಕ್ಷರ ಕೇಳಿಸಲಿಲ್ಲ. ಕಾವಲುಗಾರ ಕಿವಿ ಮುಚ್ಚಿಕೊಂಡ. ನನಗೆ ಪ್ರತಿಯೊಬ್ಬಳ ದನಿಯೂ ಬೇರೆ ಬೇರೆಯಾಗಿ ಕೇಳಿಸುತ್ತಿತ್ತು. ಮೊದಲಾಗಿದ್ದರೆ ನನ್ನದೊಂದೇ ಕೇಳಿಸುತ್ತಿತ್ತು.

ನಿನ್ನ ಆರೋಗ್ಯ ನೋಡಿಕೋ. ಪುಟ್ಟಿಗೆ ಈ ಚಿಕ್ಕಮ್ಮನ ಮುತ್ತು. ಅವಳು ಯಾರಿಗೂ ಹೆದರದೆ ಬೆಳೆಯಲಿ, ಒಳ್ಳೆ ಗಂಟಲು ಬರಲಿ. ಭಾವನಿಗೆ ನಮಸ್ಕಾರ.

ನಿನ್ನ,
ಪಟಾಕಿ

ಮತ್ತೆ: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಬುಧವಾರ ಆ ದನಿಯ ನಡುವೆಯೇ ಅಮ್ಮ ಎದ್ದಳು. ಸೆರಗು ಕೊಡವಿಕೊಂಡು ಗೇಟಿನ ಚಿಕ್ಕ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಹೋದಳು. ಮುಚ್ಚಳಿಕೆ ಬರೆದವರಲ್ಲಿ ಅವಳೇ ಮೊದಲನೆಯವಳು. ಸಂಜೆ ಯಾಕಮ್ಮಾ ಎಂದು ಕೇಳಿದೆ. “ಬರೆದುಕೊಡದಿದ್ರೆ ಶಾಲೆಯಿಂದ ನಿನ್ನ ಹೆಸರು ಹೊಡೀತೀವಿ ಅಂದ್ರು ಹೆಡ್‌ಮಿಸ್. ಪರೀಕ್ಷೆ ಎದುರಿಗಿದೆ. ಇನ್ನೇನು ಮಾಡ್ಲಿ?” ಎಂದಳು. ಅನ್ನ ಬಡಿಸಿದಳು. ನಾನು ತಿಂದೆ.

ಮುಚ್ಚಳಿಕೆ ಕೊಟ್ಟವರಿಗೆ ನನ್ನ ಕರಪತ್ರಗಳಲ್ಲಿ ಒಂದೇ ಹೆಸರು, ದ್ರೋಹಿ. ಬೀಗ ಬಿದ್ದ ವಾರವೇ ಅದನ್ನು ಗಿರಣಿಯ ಗೋಡೆಯ ಮೇಲೆ ಆಳೆತ್ತರಕ್ಕೆ ಡಾಂಬರಿನಲ್ಲಿ ಬರೆದವಳು ನಾನು. ಸೀಮೆಎಣ್ಣೆ ಹಾಕಿ ಉಜ್ಜಿದೆ, ಇಟ್ಟಿಗೆ ಚೂರಿನಿಂದ ಕೆರೆದೆ, ಹೋಗುತ್ತಿಲ್ಲ. ಅಮ್ಮ ದಿನಾ ಅದರ ಕೆಳಗೇ ಹಾದು ಹೋಗುತ್ತಾಳೆ. ಅಕ್ಷರ ನನ್ನದೆಂದು ಅವಳಿಗೆ ಗೊತ್ತು.