ಮೊದಲ ಬಡಿತಕ್ಕೇ ತೆರೆದ ಬಾಗಿಲು

ಬೀದರ, ಹುಡುಗಿಯರ ಹಾಸ್ಟೆಲ್
೧೨ ಅಕ್ಟೋಬರ್ ೨೦೨೫

ಪ್ರೀತಿಯ ಪಪ್ಪಾ,

ಮಂಡಿ ನೋವು ಹೇಗಿದೆ? ಜಹೀರಾಬಾದಿನ ಗ್ಯಾರೇಜಿನಲ್ಲಿ ಇನ್ನೂ ನೆಲಕ್ಕೇ ಕುಳಿತು ಕೆಲಸ ಮಾಡುತ್ತೀರೋ, ಸ್ಟೂಲು ತಂದಿರೋ? ನನ್ನ ಫಸ್ಟ್ ಸೆಮಿಸ್ಟರ್ ಟೆನ್ಷನ್ ಇದ್ದದ್ದೇ. ಫೋನಿನಲ್ಲಿ ಚರ್ಚಿನ ಮಾತೆತ್ತಿದರೆ ಕಟ್ ಮಾಡುತ್ತೀರಿ. ಪತ್ರವನ್ನು ಹಾಗೆ ಮಾಡಲಾರಿರಿ, ಅದಕ್ಕೇ ಬರೆಯುತ್ತಿದ್ದೇನೆ.

ಇವತ್ತು ನಮ್ಮ ಡಯಾಸಿಸಿಗೆ, ಅಂದರೆ ಈ ಸೀಮೆಯ ಚರ್ಚುಗಳಿಗೆಲ್ಲ, ಹೊಸ ಬಿಷಪ್ ಬಂದರು. ಔರಾದ ಕಡೆಯ ಡಾಬಕಾದವರು, ಚಿಕ್ಕಂದಿನಲ್ಲಿ ಕುರಿ ಕಾಯ್ದವರು! ಪಾದ್ರಿಗಳ ಕೋಣೆಯ ಗೋಡೆಯ ಮೇಲೆ ಹಿಂದಿನ ಬಿಷಪ್ಪರ ಫೋಟೋಗಳಿವೆಯಲ್ಲ, ಮೊದಲು ಗಡ್ಡದ ಬಿಳಿಯರು, ಆಮೇಲೆ ದೊಡ್ಡ ಊರುಗಳವರು. ಆ ಸಾಲಿನ ಕೊನೆಗೆ ಇವರಿಗೆಂದು ಹೊಸ ಮೊಳೆ ಹೊಡೆದಿದ್ದಾರೆ. ಆ ಬರಿಯ ಮೊಳೆಯನ್ನೇ ನೋಡುತ್ತ ನಿಂತುಬಿಟ್ಟೆ. “ಕುರ್ಚಿ ಹಾಕೋರು ನಾವು, ಕೂಡೋರು ಅವರು” ಎಂದು ನೀವು ನಮ್ಮೂರ ಚರ್ಚ್ ಕಮಿಟಿಯಲ್ಲಿ ಎದ್ದು ಹೇಳಿದ್ದು, ಯಾರೋ “ಕೂಡ್ರೋ ಯಾಕೂಬ” ಎಂದು ಗದರಿದ್ದು, ನೀವು ಹೊರಬಿದ್ದು ಮತ್ತೆ ಚರ್ಚಿನ ಮೆಟ್ಟಿಲು ತುಳಿಯದ್ದು, ಎಲ್ಲ ನೆನಪಾಯಿತು.

ಪದ್ಧತಿ ಏನೆಂದರೆ, ಹೊಸ ಬಿಷಪ್ ಇಲ್ಲಿನ ಚರ್ಚಿನ ಮುಚ್ಚಿದ ಬಾಗಿಲನ್ನು, ತಮ್ಮ ಪದವಿಯ ಗುರುತಾದ ಕುರುಬನ ಕೋಲಿನಿಂದ, ಮೂರು ಸಲ ಬಡಿಯಬೇಕು, ಒಳಗಿನವರು “ಯಾರು?” ಎಂದು ಕೇಳಬೇಕು. ಆಮೇಲೆ ಚಿಲಕ ತೆಗೆಯುವ ಡ್ಯೂಟಿ ನನ್ನದು. ಮೊದಲ ಬಡಿತ ಬಿತ್ತು. ಅಷ್ಟರಲ್ಲಿ ನಮ್ಮೂರು ಮೆಹಕರದಿಂದ ಬಂದಿದ್ದ ನಿಮ್ಮ ಅಕ್ಕ, ನಮ್ಮ ಹೀರಾಬಾಯಿ ಅತ್ತೆ, ನನ್ನನ್ನು ಸರಿಸಿ ಚಿಲಕ ತೆಗೆದೇಬಿಟ್ಟರು! “ಬರ್ರಿ ಸಾಹೇಬರ, ಬಿಸಿಲಾಗ ಯಾಕ ನಿಂತೀರಿ? ಮನಿಗಿ ಬಂದವ್ರಿಗಿ ಯಾರಂತ ಕೇಳ್ತಾರೇನ್ರಿ!” ನನ್ನ ಜೀವವೇ ಹೋಯಿತು. ಎರಡನೇ ಸಲಕ್ಕೆ ಎತ್ತಿದ ಕೋಲು ಹಾಗೇ ನಿಂತಿತ್ತು. ಬಿಷಪ್ ಅದನ್ನು ಮೆಲ್ಲನೆ ಇಳಿಸಿ, ಎತ್ತರದ ಟೋಪಿ ತೆಗೆದು, ಅತ್ತೆಗೆ ತಲೆಬಾಗಿದರು. “ಕರದೀರಲ್ಲವ್ವಾ, ಇನ್ನ್ಯಾಕ ಬಡೀಲಿ?” ಎನ್ನುತ್ತ ಒಳಗೆ ಬಂದರು. ಪಪ್ಪಾ, ಯಾರೂ ನಗಲಿಲ್ಲ. ಕ್ವಾಯರಿನವರು ಹಾಡುವುದನ್ನೇ ಮರೆತು ನಿಂತಿದ್ದರು.

ಅತ್ತೆ ನಿಮಗೆ ಶೇಂಗಾ ಹೋಳಿಗೆ ಕಳಿಸುತ್ತಾರಂತೆ. ದೇವರ ನೆರಳು ನಿಮ್ಮ ಮೇಲಿರಲಿ. ಮಧ್ಯಾಹ್ನದ ಊಟ ತಪ್ಪಿಸಬೇಡಿ.

ನಿಮ್ಮ ಮಗಳು,
ಆರತಿ

ತಾ.ಕ.: ಬರುವ ತಿಂಗಳು ಬಿಷಪ್ ದೃಢೀಕರಣ ಕೊಡಲು, ನಮ್ಮಂಥ ಹರೆಯದವರನ್ನು ಚರ್ಚಿನ ಪೂರ್ಣ ಸದಸ್ಯರಾಗಿ ಸೇರಿಸಿಕೊಳ್ಳಲು, ನಮ್ಮ ಮೆಹಕರಕ್ಕೆ ಬರುತ್ತಾರೆ. ನಾನೂ ಹೆಸರು ಕೊಟ್ಟಿದ್ದೇನೆ. ಅವರು ತಲೆಯ ಮೇಲೆ ಕೈ ಇಡುವಾಗ ತಂದೆ ಹಿಂದೆ ನಿಂತು ಹೆಗಲು ಮುಟ್ಟಬೇಕಂತೆ. “ಕರದ್ರ ಬರ್ತೇನಿ” ಎಂದು ಹೇಳಿ ಹೋದವರು ನೀವು. ಕಮಿಟಿಯವರು ಯಾವಾಗ ಕರೆಯುತ್ತಾರೋ ಗೊತ್ತಿಲ್ಲ. ನಾ ಕರೀಲಿಕತ್ತೇನಿ. ಬರ್ರಿ ಪಪ್ಪಾ.