ಹದಿನೆಂಟು ಮೆಟ್ಟಿಲ ಮೇಲಿನ ವಿಶ್ರಾಂತಿ ಕೋಣೆ

ಹದಿನಾಲ್ಕನೇ ತಾರೀಖು, ಸೋಮವಾರ
ಮಧ್ಯಾಹ್ನ

ಪ್ರೀತಿಯ ತಂಗಿ ಸಾಸಿವೆಗೆ,

ಕ್ಷೇಮ ಕೇಳುವ ಮೊದಲು ಕ್ಷಮೆ ಕೇಳಬೇಕು. ಏಳು ತಿಂಗಳ ಹಿಂದೆ ನಿನ್ನದೊಂದು ಕಾರ್ಡು ಬಂತು. ಅದರಲ್ಲಿ ಹೊಸ ವಿಳಾಸ ಬಿಟ್ಟರೆ ಒಂದಕ್ಷರವಿಲ್ಲ. ನಾನೂ ಬರೆಯಲಿಲ್ಲ. ಬಿಡುವಿರಲಿಲ್ಲ ಎಂದರೆ ಸುಳ್ಳು, ಸೊಕ್ಕಿತ್ತು. ಮುದ್ರಣಾಲಯದಲ್ಲಿ ದಿನವಿಡೀ ನಿಂತೇ ಕೆಲಸವಂತೆ, ಕಾಲು ಊದುತ್ತದೆಯಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ನನ್ನ ಅಕ್ಷರ ಸೊಟ್ಟಗಿದೆ ಎಂದು ನಗಬೇಡ. ಬರೆಯುವ ಭಂಗಿಯೇ ಹಾಗಿದೆ, ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಸುದ್ದಿ ಕೇಳು. ಗೆದ್ದೆವು ಕಣೇ! ಮೂರೇ ದಿನದಲ್ಲಿ!

ನಮ್ಮ ವ್ಯಾಯಾಮ ಶಾಲೆ ನಿನಗೆ ಗೊತ್ತು. ಭಾರ ಎತ್ತುವ ಹಾಲ್ ಕೆಳಗೆ, ಎತ್ತಿದ ಮೇಲೆ ಮೈ ಸುಧಾರಿಸಿಕೊಳ್ಳುವ ಕೋಣೆ ಮೇಲೆ. ನಡುವೆ ಹದಿನೆಂಟು ಮೆಟ್ಟಿಲು. ಲಿಫ್ಟ್ ಇಲ್ಲ. ಮಂಜುಗಡ್ಡೆ, ಮಾಲೀಶಿನ ಮೇಜು, ಮೆತ್ತನೆ ಹಾಸಿಗೆ, ದೊಡ್ಡ ಫ್ಯಾನು ಎಲ್ಲ ಅಲ್ಲೇ. ಕಾಲಿದ್ದವರು ತೊಡೆ ನೋವು ಎಂದು ನರಳುತ್ತಲೇ ಹತ್ತಿ ಹೋಗಿ ಮಲಗುತ್ತಾರೆ. ನಾನು, ನಮ್ಮ ಒಂಟಿಗಾಲಿನ ವೆಲ್ಡರ್, ಇನ್ನೂ ಆರು ಜನ ಮುಖ ಒರೆಸಿಕೊಂಡು ಸೀದಾ ಬೀದಿಗೆ.

ಕಾಲಿದ್ದವನ ತೋಳು ತಾಲೀಮು ಮುಗಿದ ಮೇಲೆ ಜೋತಾಡಿಕೊಂಡು ರಜೆ ತೆಗೆದುಕೊಳ್ಳುತ್ತದೆ. ನನಗೆ ತೋಳೇ ಕಾಲು. ತೊಂಬತ್ತೆರಡು ಕಿಲೋ ಎತ್ತಿದ ಭುಜದಿಂದಲೇ ಗಾಲಿಕುರ್ಚಿ ತಳ್ಳಬೇಕು, ಬೀದಿಯ ಏರು ಹತ್ತಬೇಕು, ಕುರ್ಚಿಯಿಂದ ಹಾಸಿಗೆಗೆ ನನ್ನನ್ನು ನಾನೇ ಎಸೆದುಕೊಳ್ಳಬೇಕು. ಸೊಂಟದ ಕೆಳಗೆ ಅರಿವಿಲ್ಲ, ಬೆವರೂ ಇಲ್ಲ. ಕತ್ತಿಗೆ ನೀರು ಚಿಮುಕಿಸಿ ಗಾಳಿಗೆ ಕೂರದಿದ್ದರೆ ಮೈ ಕೆಂಡ. ವೆಲ್ಡರನ ಪಾಡು ಇನ್ನೊಂದು. ಕೃತಕ ಕಾಲು ಬಿಚ್ಚಿ, ಮೊಂಡುಗಾಲು ತೊಳೆದು, ಒಣಗಿಸಿ, ಎತ್ತರಕ್ಕೆ ಇಟ್ಟುಕೊಂಡು ಮಲಗದಿದ್ದರೆ ಅದು ಊದಿಕೊಂಡು ಮರುದಿನ ಕೃತಕ ಕಾಲಿನೊಳಗೆ ಹೋಗುವುದೇ ಇಲ್ಲ. ನಾವು ಎತ್ತುವಾಗ ಚಪ್ಪಾಳೆ ಹೊಡೆಯುವ ಜನಕ್ಕೆ ಎತ್ತಿ ಇಳಿಸಿದ ಮೇಲೆ ನಮ್ಮ ಮೈ ಏನಾಗುತ್ತದೆ ಎಂದು ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ಉಸಾಬರಿಯೂ ಬೇಕಿಲ್ಲ.

ಮುಂದಿನ ತಿಂಗಳು ಆಯ್ಕೆ ಸ್ಪರ್ಧೆ. ಹನ್ನೊಂದು ವರ್ಷ ಕಾದ ಸ್ಪರ್ಧೆ, ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಲಭುಜ ಮುಷ್ಕರ ಹೂಡಿತು. ಕೋಚ್ ಮೇಡಂ ಒತ್ತಿ ನೋಡಿ, "ಭಾರ ಹೆಚ್ಚಾಗಿಲ್ಲ ಕಣೇ, ಬಿಡುವು ಕಮ್ಮಿ ಆಗಿದೆ. ಹೀಗೇ ಆದ್ರೆ ಆಯ್ಕೆ ಗಿಯ್ಕೆ ಮರೆತ್ಬಿಡು" ಎಂದರು.

ವೆಲ್ಡರನ ಜೊತೆ ಮ್ಯಾನೇಜರನ ಕೋಣೆಗೆ ನುಗ್ಗಿದೆ.

"ಅದೇನಮ್ಮ ದೊಡ್ಡ ವಿಷ್ಯ? ಇಬ್ಬರು ಗಟ್ಟಿ ಆಳಿಗೆ ಹೇಳ್ತೀನಿ, ಎತ್ಕೊಂಡು ಹೋಗ್ತಾರೆ."

"ಸ್ವಾಮೀ, ನಾನಿಲ್ಲಿ ಎತ್ತೋಕೆ ಬಂದಿರೋದು, ಎತ್ತಿಸ್ಕೊಳ್ಳೋಕಲ್ಲ."

ವೆಲ್ಡರ್ ತಣ್ಣಗೆ ಕೇಳಿದ, "ನಿಮ್ಮನ್ನೂ ದಿನಾ ಇಬ್ಬರು ಎತ್ಕೊಂಡು ಬಂದು ಈ ಕುರ್ಚೀಲಿ ಕೂರಿಸ್ಲಾ ಸಾರ್?"

"ಇದರಲ್ಲೆಲ್ಲ ರಾಜಕೀಯ ತರಬೇಡ್ರಪ್ಪ."

"ಮೆಟ್ಟಿಲು ಕಟ್ಟಿದೋರೇ ತಂದಾಗಿದೆ" ಎಂದು ಗಾಲಿ ತಿರುಗಿಸಿದೆ.

ಹತ್ತು ದಿನದ ಹಿಂದೆ, ಶುಕ್ರವಾರ, ತಾಲೀಮು ಮುಗಿಸಿ ಎಂಟೂ ಜನ ಮೆಟ್ಟಿಲ ಬುಡದಲ್ಲಿ ಬೀಡುಬಿಟ್ಟೆವು. ಗೋಡೆಯಿಂದ ಗೋಡೆಗೆ ಗಾಲಿಕುರ್ಚಿ. ಮಧ್ಯೆ ಮಂಜುಗಡ್ಡೆ ತುಂಬಿದ ಬಟ್ಟೆ ಒಗೆಯುವ ಟಬ್ಬು. ಅರಿವಿರುವ ಭುಜಕ್ಕೆ ಮಾತ್ರ ಮಂಜುಗಡ್ಡೆ, ಅರಿವಿಲ್ಲದ ಕಾಲಿಗೆ ಮುಟ್ಟಿಸಕೂಡದು ಎಂದು ಬಂದವರಿಗೆಲ್ಲ ಪಾಠ ಮಾಡಿದೆ. ವೆಲ್ಡರ್ ತನ್ನ ಕಾಲು ಬಿಚ್ಚಿ ಮೊದಲ ಮೆಟ್ಟಿಲಿಗೆ ಛತ್ರಿಯ ಹಾಗೆ ಒರಗಿಸಿ, "ದಾಟೋರು ನನ್ನ ಕಾಲನ್ನ ಒಂದು ಮಾತು ಕೇಳಿ ದಾಟಿ" ಎಂದು ಕಣ್ಣು ಮುಚ್ಚಿ ಮಲಗಿದ.

ಟವೆಲು ಹೊದ್ದ ಕುಸ್ತಿಯವನೊಬ್ಬ ಬಂದ. "ಅಕ್ಕಾ, ಸ್ವಲ್ಪ ದಾರಿ ಬಿಡಿ, ಮೈಯೆಲ್ಲ ನೋವು."

"ನಂಗೂ ನೋವೇ ಕಣಪ್ಪಾ. ಬಾ, ಇಲ್ಲೇ ಕೂತ್ಕೊ."

ಆನೆಯಂಥ ಆಳು, ಒಂದು ಗಳಿಗೆ ತಲೆ ಕೆರೆದುಕೊಂಡ. "ಮೂರು ವರ್ಷದಿಂದ ಹತ್ತಿ ಇಳೀತಿದ್ದೀನಿ, ನೀವು ಹತ್ತಲ್ಲ ಅನ್ನೋದೇ ತಲೆಗೆ ಹೊಳೀಲಿಲ್ಲವಲ್ಲ" ಎಂದು ಕೂತೇಬಿಟ್ಟ! ಶನಿವಾರ ಇಪ್ಪತ್ತು ಜನ ಕೂತರು. ಭಾನುವಾರ ಓಟದವರೂ ಸೇರಿದರು. ಮೇಲಿನ ಕೋಣೆ ಖಾಲಿ ಹೊಡೆಯಿತು.

ಬೆಳಿಗ್ಗೆಯಿಂದ ಸಂಜೆಯವರೆಗೆ ನನ್ನದೇ ಭಾಷಣ. ಹಾಲ್‌ನಲ್ಲಿರುವ ನಮ್ಮ ಗಂಟೆ ನೆನಪಿದೆಯಲ್ಲ? ಹದಿನೈದು ನಿಮಿಷಕ್ಕೊಮ್ಮೆ ನಾನು ಬಡಿಯಬೇಕು, ಗಾಲಿಕುರ್ಚಿಯವರೆಲ್ಲ ಮುಂದಕ್ಕೆ ಬಾಗಿ ಕೂತ ಜಾಗದ ಭಾರ ಇಳಿಸಬೇಕು. ಮಾತಿಗೆ ಅಡ್ಡ ಬರುತ್ತದೆಂದು ಆ ಮೂರು ದಿನ ಗಂಟೆಯನ್ನು ಮೂಲೆಗಿಟ್ಟೆ. ಉಳಿದವರು ಗಡಿಯಾರ ನೋಡಿ ಬಾಗುತ್ತಿದ್ದರು. ನನಗೆ ಜನದ ಅಮಲು.

ಭಾನುವಾರ ಸಂಜೆ ಮ್ಯಾನೇಜರ್ ಬೆವರುತ್ತ ಬಂದ. "ಏನ್ ಬೇಕ್ರಮ್ಮ ನಿಮಗೆ?"

"ನಿಮ್ಮ ಕೋಣೆ."

ಕೊಟ್ಟ ಕಣೇ! ಎರಡೇ ದಿನದಲ್ಲಿ ಅವನ ಆಫೀಸು ಮೇಲೆ, ನಮ್ಮ ಕೋಣೆ ಕೆಳಗೆ. ಈಗ ಸಾಹೇಬರು ದಿನಾ ಹದಿನೆಂಟು ಮೆಟ್ಟಿಲು ಹತ್ತುತ್ತಾರೆ, ಹನ್ನೊಂದನೆಯದರಲ್ಲಿ ನಿಂತು ಏದುಸಿರು ಬಿಡುತ್ತಾರೆ. ಮಾಲೀಶಿನ ಮೇಜು ಗಾಲಿಕುರ್ಚಿಯ ಮಟ್ಟಕ್ಕೇ ಇದೆ, ಎಸೆದುಕೊಳ್ಳಬೇಕಿಲ್ಲ, ಸುಮ್ಮನೆ ಜಾರಿದರೆ ಸಾಕು. ವೆಲ್ಡರನಿಗೆ ಮೊಂಡುಗಾಲು ಇಡಲು ಏರುದಿಂಬು. ಬಾಗಿಲಿಗೆ ಹೊಸ್ತಿಲೇ ಇಲ್ಲ!

ನಿನ್ನ ಕಾಲು ಗಟ್ಟಿಯಿರಲಿ, ನಾಲಿಗೆ ಅದಕ್ಕಿಂತ ಗಟ್ಟಿಯಿರಲಿ. ಯಾರ ಮುಂದೆಯೂ ತಲೆ ತಗ್ಗಿಸದೆ ನೂರು ವರ್ಷ ಸಿಡಿಯುತ್ತಿರು ಎಂದು ಹರಸುತ್ತೇನೆ.

ನಿನ್ನ,
ಕಬ್ಬಿಣದಕ್ಕ

ತಾ.ಕ.: ಹೊಸ ಮೇಜಿನ ಮೇಲೆ ಮೊದಲು ಮಲಗಿದವಳು ನಾನೇ. ಮಗ್ಗಲು ತಿರುಗಿದೆ. ಬಟ್ಟೆಯ ಮೇಲೆ ಕಲೆ ಕಂಡು ಕೋಚ್ ಮೇಡಂ ಸರಿಸಿ ನೋಡಿದರು. ಕೂತ ಮೂಳೆಯ ಮೇಲೆ ಹೆಬ್ಬೆರಳು ಹೋಗುವಷ್ಟು ಹುಣ್ಣು. ನನಗೆ ನೋವೇ ಗೊತ್ತಾಗಿರಲಿಲ್ಲ. ಆಸ್ಪತ್ರೆಯ ನರ್ಸ್ ಎರಡು ತಿಂಗಳು ಬೋರಲು ಮಲಗು ಎಂದಿದ್ದಾರೆ. ಸ್ಪರ್ಧೆಯಿಂದ ಹೆಸರು ವಾಪಸು ಪಡೆದೆ. ಈ ಪತ್ರವನ್ನೂ ಬೋರಲು ಮಲಗಿಯೇ ಬರೆದೆ. ಗಂಟೆ ಈಗ ವೆಲ್ಡರನ ಕೈಯಲ್ಲಿದೆ.

"ದಿನಾ ಕನ್ನಡಿಲಿ ನೋಡ್ಕೋತಿದ್ಯಾ?" ಎಂದು ಮೇಡಂ ಕೇಳಿದಾಗೆಲ್ಲ ಹೂಂ ಎಂದಿದ್ದೆ. ಸುಳ್ಳು. ಹನ್ನೊಂದು ವರ್ಷ ದಿನಾ ಸ್ನಾನವಾದ ಮೇಲೆ ಆ ಉದ್ದ ಹಿಡಿಯ ಕನ್ನಡಿ ಹಿಡಿದು ನನ್ನ ಬೆನ್ನು, ಸೊಂಟ ಎಲ್ಲಾದರೂ ಕೆಂಪಾಗಿದೆಯಾ ಎಂದು ನೋಡುತ್ತಿದ್ದವಳು ನೀನು. ಪತ್ರಿಕೆಯವರು ನನ್ನ ಪದಕದ ಸುದ್ದಿಯ ಕೆಳಗೆ ನಿನ್ನ ತ್ಯಾಗದ ಕಥೆ ಬರೆದರು. ಅವರಿಗೆ ಬೈಯಬೇಕಾದದ್ದನ್ನು ನಿನಗೆ ಬೈದೆ. "ನನ್ನ ಮೈ ನೋಡೋಕೆ ನೀನ್ಯಾವಳೇ?" ಎಂದೆ. ಆಮೇಲೆ ಕನ್ನಡಿ ಕೈಗೆತ್ತಿಕೊಂಡಾಗಲೆಲ್ಲ ಅದೇ ಮಾತು ಕೇಳಿಸುತ್ತಿತ್ತು. ಪೆಟ್ಟಿಗೆಯ ತಳಕ್ಕೆ ಹಾಕಿಬಿಟ್ಟೆ.

"ಸರಿ ಅಕ್ಕ, ಇನ್ಮೇಲೆ ನೋಡಲ್ಲ" ಎಂದು ನೀನು ಚೀಲ ಎತ್ತಿಕೊಂಡು ಹೋದೆ.

ಕನ್ನಡಿಯನ್ನು ಹೊರಗೆ ತೆಗೆದಿಟ್ಟಿದ್ದೇನೆ. ಬಂದು ನೋಡೇ.