ಅದು ಸೇಂದಿ ಅಲ್ಲ, ಅಣ್ಣಾ

ಜೇವರ್ಗಿ
೮–೧–೧೯೮೭

ಪ್ರೀತಿಯ ಅಣ್ಣಾ, ಶರಣು.

ಆಳಂದದ ಚಳಿಗೆ ನಿಮ್ಮ ಮೊಣಕಾಲು ಹೇಗಿವೆ? ವೈನಿ ಅರಾಮ ಇದ್ದಾರೆಯೇ? ನಾನು ಇದ್ದೇನೆ.

೧೯೮೪ರ ಶ್ರಾವಣದ ಕಡೇ ಸೋಮವಾರ ನಮ್ಮೂರ ಮಠದ ದಾಸೋಹದಲ್ಲಿ ನೀವು ನನಗೆ ಅನ್ಯಾಯ ಮಾಡಿದಿರಿ. ನೀವು ಮರೆತಿರಬಹುದು, ನನಗೆ ಅಂದು ಬಡಿಸಿದ ಪದಾರ್ಥಗಳೂ ನೆನಪಿವೆ. ಪ್ರಸಾದ ಬಿಡಬಾರದೆಂದು ಅಪ್ಪ ಕಲಿಸಿದ್ದರು. ಒಗ್ಗುವುದಿಲ್ಲವೆಂದು ಗೊತ್ತಿದ್ದೂ ಹುಗ್ಗಿ, ಎಣ್ಣೆಗಾಯಿ, ಕೆಂಪು ಖಾರ ಎಲ್ಲ ಉಂಡು, ತಾಟು ತೊಳೆದ ನೀರನ್ನೂ ಕುಡಿದೆ. ಆಮೇಲೆ ಸ್ವಾಮಿಗಳಿಗೆ ಅಡ್ಡಬಿದ್ದೆ. ಹೊಟ್ಟೆಯ ಹುಳಿನೀರು ಬಾಯಿತನಕ ನುಗ್ಗಿತು. ಬಾಯಿ ಮುಚ್ಚಿಕೊಂಡು, ಕಂಬಕ್ಕೆ ತಾಗಿ, ತೂರಾಡುತ್ತ ಹೊರಗೆ ಓಡಿದೆ. ನೀವು ಹಿಂದೆಯೇ ಬಂದು ಮೂಸಿ ನೋಡಿ, ಇಡೀ ಪಂಕ್ತಿಗೆ ಕೇಳುವಂತೆ, “ಲೇ ಜಗ್ಯಾ, ಸೇಂದಿ ಏರಿಸಿಕೊಂಡು ದಾಸೋಹಕ್ಕ ಬಂದೀಯೇನಲೇ? ಓದಿದಾಂವ ಅಂತೀವಿ ನಿನಗ!” ಎಂದಿರಿ. ಮರುದಿನ ಬಸ್ಸು ಹತ್ತಿ ಹೋದಿರಿ. ಮಾತು ಇಲ್ಲೇ ಉಳಿಯಿತು.

ಅಂದಿನಿಂದ ನನಗೆ ದಾರಿಯೇ ಇಲ್ಲ. ಲವಂಗ ಜಗಿದರೆ ವಾಸನೆ ಮುಚ್ಚುತ್ತಾನೆ ಎನ್ನುತ್ತಾರೆ. ಜಗಿಯದಿದ್ದರೆ ಹುಳಿತೇಗು ಬಂದು ಅವರ ಮಾತೇ ನಿಜವಾಗುತ್ತದೆ. ಚೀಲದಲ್ಲಿ ಡಾಕ್ಟರು ಕೊಟ್ಟ ಬಿಳಿ ಔಷಧದ ಬಾಟಲಿ ಕಂಡರೆ ಹೋಟೆಲಿನ ಲಾಡ್ಲೆಸಾಬ, “ಮಾಸ್ತರ್ರೀ, ಈ ಸೇಂದಿ ಭಾಳ ಗಟ್ಟಿ ಐತಲ್ರಿ!” ಎಂದು ನಗುತ್ತಾನೆ. ಮಂಚದ ತಲೆಕಡೆ ಎರಡೆರಡು ಇಟ್ಟಿಗೆ ಏರಿಸಿ ಮಲಗಿದರೂ ಎದೆಯುರಿಗೆ ನಿದ್ದೆಯಿಲ್ಲ. ಕಣ್ಣು ಕೆಂಪಾಗಿ ಸಾಲೆಗೆ ಹೋದರೆ ಅಲ್ಲಿಯೂ ಪಿಸುಮಾತು. ಚಪ್ಪಲಿ ಸರಿಮಾಡಲು ಬಾಗುವಂತಿಲ್ಲ. ಚಹಾ ಬಿಟ್ಟೆ. ಮನೆಯವರು ಹುಳಿಹುಳಿ ಪುಂಡಿಪಲ್ಯ ಉಣ್ಣುವಾಗ ನಾನು ಹಾಲಿನಲ್ಲಿ ರೊಟ್ಟಿ ಅದ್ದಿಕೊಂಡು ಗೋಡೆ ನೋಡುತ್ತೇನೆ. ನನ್ನಾಕೆ ಗುರುಬಾಯಿ, ಪಾಪ, ನನ್ನ ಕಣ್ಣು ತಪ್ಪಿಸಿ ಒಗ್ಗರಣೆ ಹಾಕುತ್ತಾಳೆ. ಅನ್ನನಾಳದ ಕೆಳಗಿನ ಬಿಗಿ ಸಡಿಲಾಗಿದೆ, ಇದು ಜನ್ಮಕ್ಕೆ ಅಂಟಿದ ಬೇನೆ ಎಂದು ಕಲಬುರ್ಗಿಯ ಡಾಕ್ಟರು ಬರೆದುಕೊಟ್ಟಿದ್ದಾರೆ. ಆ ಚೀಟಿ ಎಲ್ಲರಿಗೂ ತೋರಿಸಿದೆ. “ಸ್ವಂತ ಅಣ್ಣನೇ ಅಂದಾನಲ್ರಿ” ಎಂದು ಮಡಚಿ ಕೊಡುತ್ತಾರೆ.

ವೈನಿಗೆ ಶರಣು, ಮಕ್ಕಳಿಗೆ ಆಶೀರ್ವಾದ.

ನಿಮ್ಮ ತಮ್ಮ,
ಜಗದೇವಪ್ಪ

ತಾ.ಕ.: ನನ್ನ ಮಗಳು ಗೌರಾಬಾಯಿಯನ್ನು ಅಫಜಲಪುರದವರು ಒಪ್ಪಿದ್ದರು. ಈಗ, ತಂದೆ ಕುಡಿಯುತ್ತಾನಂತೆ ಎಂದು ಹೇಳಿಕಳಿಸಿದ್ದಾರೆ; ವಿಚಾರಿಸಲು ಇದೇ ಹತ್ತೊಂಬತ್ತರ ಸೋಮವಾರ ಮಠದ ದಾಸೋಹಕ್ಕೇ ಬರುತ್ತಾರೆ. ನನಗೆ ನಿಮ್ಮ ಸಮಾಧಾನದ ಕಾಗದ ಬೇಡ. ನೀವೇ ಬನ್ನಿ. ಪಂಕ್ತಿ ಏಳುವ ಮೊದಲು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿ: ಆ ದಿನ ನೀವು ಮೂಸಿದ್ದು ಏನು?